ಫೋಟೋದ ಹುಡುಗನಿಗೂ ಒಂದು ಗುಡ್ಡೆ

ಹೊಡೆತ ತಿಂದು ಬೆಳೆದವಳು ನಾನು, ಹೊಡೆದೂ ಬೆಳೆದವಳು. ಈಗ ಕೈ ಸೋತಿದೆ, ನಾಲಿಗೆ ಸೋತಿಲ್ಲ ಎಂದು ಮೊಮ್ಮಕ್ಕಳು ಗೇಲಿ ಮಾಡುತ್ತಾರೆ. ಮಾಡಲಿ. ಆ ಕಾಲದಲ್ಲಿ ನಮ್ಮ ಕಡೆ ಸಿಟ್ಟು ಬಂದರೂ ಹೊಡೆತ, ಪ್ರೀತಿ ಉಕ್ಕಿದರೂ ಹೊಡೆತ, ಏನು ಮಾಡಬೇಕೆಂದು ತೋಚದಿದ್ದರಂತೂ ಇನ್ನೂ ಎರಡು ಹೆಚ್ಚು. ಅಪ್ಪಯ್ಯ ಎತ್ತಿಗೆ ಹೊಡೆಯುತ್ತಿದ್ದ, ಅವ್ವ ನನಗೆ ಹೊಡೆಯುತ್ತಿದ್ದಳು, ನಾನು ಕೈಗೆ ಸಿಕ್ಕವರಿಗೆ ಹೊಡೆಯುತ್ತಿದ್ದೆ. ಹೆಡ್ ಮೇಷ್ಟ್ರು ಎಲ್ಲರಿಗೂ ಹೊಡೆಯುತ್ತಿದ್ದರು, ಅವರಿಗೆ ಅದಕ್ಕೆ ಸಂಬಳವೂ ಇತ್ತು.

ಅರವತ್ತರ ದಶಕದ ಮಾತು. ಹೊಸನಗರದಿಂದ ಹುಲಿಕಲ್ ಘಾಟಿಗೆ ಹೋಗುವ ರಸ್ತೆಯ ಮೇಲೆ ನಮ್ಮೂರು. ಕೈ ತೋರಿಸಿದರೆ ಬಸ್ಸು ನಿಲ್ಲುತ್ತಿತ್ತು, ತೋರಿಸದಿದ್ದರೆ ಧೂಳು ಎಬ್ಬಿಸಿಕೊಂಡು ಹೋಗಿಬಿಡುತ್ತಿತ್ತು. ನಾನು ಐದನೇ ಕ್ಲಾಸು. ಹೆಡ್ ಮೇಷ್ಟ್ರು ಸಾಗರದ ಕಡೆಯವರು, ಇಕ್ಕೇರಿ ಹತ್ತಿರದ ಯಾವುದೋ ಊರು. ಆ ವರ್ಷವಷ್ಟೇ ವರ್ಗವಾಗಿ ಬಂದಿದ್ದರು. ಈರುಳ್ಳಿಯನ್ನೂ ಮುಟ್ಟದ ಮನುಷ್ಯ. ಆದರೆ ಲಕ್ಕಿ ಗಿಡದ ಸಪೂರ ಕೋಲನ್ನು, ನಮ್ಮ ಕಡೆ ಬರಲು ಎನ್ನುವುದನ್ನು, ಹಿಡಿದರೆಂದರೆ ದೊಡ್ಡ ಗಂಡುಹುಡುಗರೂ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದರು.

ಗದ್ದೆ ಕುಯ್ಲು ಮುಗಿದಿತ್ತು. ಒಂದು ಸೋಮವಾರ ಮೇಷ್ಟ್ರು ಸಾಗರದ ಯಾವುದೋ ಮೀಟಿಂಗಿನಿಂದ ಬಂದವರು, ಪ್ರಾರ್ಥನೆ ಮುಗಿಯುತ್ತಲೇ ಒಂದು ದಪ್ಪ ಕಾಗದದ ಸುರುಳಿ ಬಿಚ್ಚಿ ನಮ್ಮ ಕ್ಲಾಸಿನ ಗೋಡೆಗೆ ನಾಲ್ಕು ಮೊಳೆ ಹೊಡೆದು ತಗುಲಿಸಿದರು. ಕಾಗದದ ತುಂಬ ಒಂದೇ ಫೋಟೋ. ಒಬ್ಬ ಹುಡುಗ, ನಾಲ್ಕೋ ಐದೋ ವರ್ಷದವನು. ಕೈಕಾಲು ಕಡ್ಡಿಯಾಗಿದ್ದವು. ಹೊಟ್ಟೆ ಮಾತ್ರ ಉಬ್ಬಿ ಹೊಕ್ಕುಳು ಹೊರಗೆ ಬಂದಿತ್ತು. ಅಳುತ್ತಿರಲಿಲ್ಲ, ಸುಮ್ಮನೆ ನಮ್ಮನ್ನು ನೋಡುತ್ತಿದ್ದ.

"ಇವನು ಆಫ್ರಿಕಾದವನು. ಸಮುದ್ರದಾಚೆ. ಅಲ್ಲಿ ಇಂಥ ಮಕ್ಕಳು ತಿನ್ನೋಕೆ ಗತಿಯಿಲ್ದೆ, ಔಷಧಿ ಇಲ್ದೆ ಸಾಯ್ತಾ ಇದಾವೆ. ಅವರಿಗೆ ಸಹಾಯ ಮಾಡೋಕೆ ಒಂದು ಸಂಸ್ಥೆ ಇದೆ. ಎಲ್ಲಾ ಶಾಲೆಯವರೂ ಕಳಿಸ್ತಾರೆ, ನಾವೂ ಕಳಿಸ್ಬೇಕು," ಎಂದರು ಮೇಷ್ಟ್ರು. ಆಮೇಲೆ ಬರಲನ್ನು ಮೇಜಿಗೆ ಒಮ್ಮೆ ಬಡಿದು, "ಆದ್ರೆ ಮನೇಲಿ ಅತ್ತು ಕರೆದು ತಂದ ಕಾಸು ನನಗೆ ಬೇಡ. ನಿಮ್ಮ ಕೈಯಾರೆ ದುಡಿದು ತರ್ಬೇಕು. ತಿಳೀತಾ?" ಎಂದರು.

ತಿಳಿಯಿತು ಎಂದು ಕೂಗಿದೆವು. ಹಾಲಿನ ಪುಡಿಯ ಖಾಲಿ ಡಬ್ಬಿಯ ಮುಚ್ಚಳಕ್ಕೆ ಸೀಳು ಹಾಕಿ ಅದನ್ನೇ ಹುಂಡಿ ಮಾಡಿ ಮೇಜಿನ ಮೇಲಿಟ್ಟರು. ಆ ಹಾಲಿನ ಪುಡಿ ನಮಗೂ ಪರದೇಶದಿಂದಲೇ ಬರುತ್ತಿತ್ತು. ದಿನಾ ಹನ್ನೊಂದು ಗಂಟೆಗೆ ಬಿಸಿನೀರಿನಲ್ಲಿ ಕಲಸಿ ಕುಡಿಸುತ್ತಿದ್ದರು. ನಮಗಾಗಿಯೂ ಎಲ್ಲೋ ಯಾರೋ ಮಕ್ಕಳು ಡಬ್ಬಿಗೆ ಕಾಸು ಹಾಕಿರಬಹುದು, ಅವರ ಗೋಡೆಯ ಮೇಲೂ ನಮ್ಮಂಥವರ ಫೋಟೋ ಇದ್ದಿರಬಹುದು ಎಂದು ಆಗ ಹೊಳೆಯಲಿಲ್ಲ. ಈಗ ಹೊಳೆದಾಗ ಒಂಥರಾ ನಾಚಿಕೆಯಾಗುತ್ತದೆ.

ಎಲ್ಲರೂ ಎದ್ದು ನಿಂತು ತಾವು ಏನು ಮಾಡುತ್ತೇವೆಂದು ಹೇಳಬೇಕಿತ್ತು. ಒಬ್ಬಳು ಸೀಗೆಕಾಯಿ ಆರಿಸುತ್ತೇನೆ ಎಂದಳು, ಇನ್ನೊಬ್ಬಳು ಮುತ್ತುಗದ ಊಟದೆಲೆ ಹಚ್ಚಿ ಮಾರುತ್ತೇನೆ ಎಂದಳು. ನನ್ನ ಸರದಿ ಬರುವ ಮೊದಲೇ ಪಕ್ಕದ ಸಾಲಿನಿಂದ ಕೋವಿ ಮನೆ ಹುಡುಗ ಕಿಸಕ್ಕನೆ ನಕ್ಕ. ಊರಿನ ದೊಡ್ಡ ಜಮೀನಿನವರ ಮನೆಗೆ ನಾವು ಕೋವಿ ಮನೆ ಎನ್ನುತ್ತಿದ್ದೆವು. ಲೈಸೆನ್ಸಿನ ಕೋವಿ ಇದ್ದದ್ದು ಅದೊಂದೇ ಮನೆಯಲ್ಲಿ. ನಮ್ಮಪ್ಪಯ್ಯ ಅವರ ಗೇಣಿದಾರ.

"ಹೊಟ್ಟೆ ನೋಡ್ರೋ ಅವನ್ದು! ಹುಂಡಿ ಡಬ್ಬಿ ಅವನೇ ನುಂಗಿದಾನೆ!" ಎಂದ.

ನನ್ನ ಕೈಯಲ್ಲಿ ಸ್ಲೇಟಿತ್ತು. ಯೋಚನೆ ಮಾಡಿದ್ದು ನೆನಪಿಲ್ಲ. ಸ್ಲೇಟಿನ ಮರದ ಕಟ್ಟಿನ ಮೂಲೆ ಅವನ ಹುಬ್ಬಿನ ಮೇಲೆ ಕೂತ ಸದ್ದು ಮಾತ್ರ ನೆನಪಿದೆ. ರಕ್ತ ಕಣ್ಣಿಗೆ ಇಳಿದು ಅವನು ಕುರುಡನ ಹಾಗೆ ಕೈ ಚಾಚಿದ. ನಾನು ಇನ್ನೊಂದು ಬಿಟ್ಟೆ. ಸ್ಲೇಟು ಮೂರು ಚೂರಾಯಿತು. ನಾಲ್ಕು ಮಂದಿ ಹಿಡಿದು ಎಳೆಯುವವರೆಗೂ ಅವನ ಕೂದಲು ನನ್ನ ಮುಷ್ಟಿಯಲ್ಲೇ ಇತ್ತು.

"ಯಾಕೆ ಹೊಡೆದೆ?" ಎಂದು ಮೇಷ್ಟ್ರು ಒಂದೊಂದು ಏಟಿಗೂ ಒಂದೊಂದು ಸಲ ಕೇಳಿದರು. ನಾನು ಹಲ್ಲು ಕಚ್ಚಿ ನಿಂತೆ. ಹೇಳಿದ್ದರೆ ಅಳು ಬಂದುಬಿಡುತ್ತಿತ್ತು, ಅವರೆದುರು ಅಳುವುದಕ್ಕಿಂತ ಹೊಡೆತವೇ ವಾಸಿ ಎನಿಸಿತು. ಕೊನೆಗೆ ಅವರಿಗೇ ಉಬ್ಬಸ ಬಂತು.

"ಇವಳ ಕಾಸು ಈ ಡಬ್ಬಿಗೆ ಬೀಳಕೂಡದು. ಇವಳೊಬ್ಬಳನ್ನ ಬಿಟ್ಟು ಎಲ್ಲರೂ ತನ್ನಿ. ಹೊಡೆಯೋ ಕೈಯಿಂದ ಬಂದಿದ್ದು ಆ ಮಕ್ಕಳಿಗೆ ಬೇಡ," ಎಂದರು. ಹಾಗೆನ್ನುವಾಗ ಬರಲು ಅವರ ಕೈಯಲ್ಲೇ ಇತ್ತು.

ಅಂಗೈ ಊದಿದ್ದಕ್ಕೆ ನನಗೆ ದುಃಖವಾಗಲಿಲ್ಲ. ಡಬ್ಬಿ ಮುಟ್ಟಕೂಡದು ಎಂದದ್ದು ಮಾತ್ರ ಎದೆಗೆ ಇರಿಯಿತು. ಏಕೆಂದರೆ ಗೋಡೆಯ ಮೇಲಿನ ಆ ಹುಡುಗ ನನಗೆ ಪರಕೀಯನಾಗಿರಲಿಲ್ಲ. ಬಣ್ಣ ಬೇರೆ, ಮೂಗು ಬೇರೆ. ಆದರೆ ಆ ಹೊಟ್ಟೆ, ಆ ಕಾಲು, ಅಳಲೂ ತ್ರಾಣವಿಲ್ಲದೆ ನೋಡುವ ಆ ನೋಟ ನನ್ನ ತಮ್ಮನದು.

ತಮ್ಮ ತೀರಿಕೊಂಡು ಆಗ ಒಂದು ವರ್ಷ. ಐದು ವರ್ಷದವನು, ಮನೆಯಲ್ಲಿ ಅವನಿಗೆ ಸಣ್ಣವ ಎನ್ನುತ್ತಿದ್ದೆವು. ಮಳೆಗಾಲದಲ್ಲಿ ಶುರುವಾದ ಭೇದಿ ನಿಲ್ಲಲೇ ಇಲ್ಲ. ಕೈಕಾಲು ಒಣಗಿ ಹೊಟ್ಟೆ ಉಬ್ಬುತ್ತಾ ಹೋಯಿತು. ನಾಟಿ ಔಷಧಿ ಆಯಿತು, ತಾಯಿತ ಆಯಿತು. ಕೊನೆಗೆ ಹೊಸನಗರದ ಡಾಕ್ಟರು, "ಇಲ್ಲಿ ಆಗಲ್ಲ, ನಾಳೆ ಬೆಳಿಗ್ಗೆನೇ ತೀರ್ಥಹಳ್ಳಿಗೆ ಒಯ್ಯಿರಿ," ಎಂದರು. ಆ ನಾಳೆಯ ದಿನ ಊರಿನ ಶಿಕಾರಿ ಇತ್ತು. ಹಂದಿಯ ಜಾಡು ಹಿಡಿಯುವುದರಲ್ಲಿ ಅಪ್ಪಯ್ಯನನ್ನು ಮೀರಿಸಿದವರಿಲ್ಲ. ಕೋವಿ ಮನೆಯಿಂದ ಆಳು ಬಂದು ಕರೆದ. ಗೇಣಿದಾರ ಬರುವುದಿಲ್ಲ ಎನ್ನುವ ಕಾಲವಲ್ಲ ಅದು. "ಒಂದು ದಿನ ತಾನೆ, ನಾಡಿದ್ದು ಹೋದ್ರಾಯ್ತು ಬಿಡು," ಎಂದು ಅಪ್ಪಯ್ಯ ಅವ್ವನಿಗೆ ಹೇಳಿ ಈಟಿ ತೆಗೆದುಕೊಂಡು ಹೋದ. ಮಾರನೆಯ ದಿನ ಹೊರಟ ಬಸ್ಸಿನಲ್ಲಿ, ಕೋಣಂದೂರು ತಲುಪುವ ಹೊತ್ತಿಗೆ, ಅಪ್ಪಯ್ಯನ ತೊಡೆಯ ಮೇಲೆಯೇ ಸಣ್ಣವನ ಉಸಿರು ನಿಂತಿತು. ಬಸ್ಸಿನಲ್ಲಿದ್ದ ಯಾರೋ ಕಾಂಪೌಂಡರು ಕೈ ಹಿಡಿದು ನೋಡಿ, "ನಿನ್ನೆ ತಂದಿದ್ರೆ ಏನಾದ್ರೂ ಮಾಡ್ಬಹುದಿತ್ತೇನೋ," ಎಂದರಂತೆ.

ಅಂದಿನಿಂದ ಅಪ್ಪಯ್ಯ ಮಾತು ಕಡಿಮೆ ಮಾಡಿದ. ಎತ್ತಿಗೆ ಹೊಡೆಯುವುದನ್ನು ಹೆಚ್ಚು ಮಾಡಿದ. ಸಣ್ಣವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ, ಒಮ್ಮೆ ಎತ್ತಿದ ಅವ್ವನ ಮೇಲೆ ಅನ್ನದ ತಟ್ಟೆ ಹಾರಿ ಬಂದಿತ್ತು. ಒಂದು ವರ್ಷ ಅವನು ಶಿಕಾರಿಯ ಕಡೆ ತಲೆ ಹಾಕಲಿಲ್ಲ. ಆದರೆ ಫೋಟೋ ಬಂದ ವಾರವೇ ಕೋವಿ ಮನೆಯಿಂದ ಮತ್ತೆ ಕರೆ ಬಂತು. ಹಂದಿ ಹಿಂಡು ಬಿದ್ದು ಕಬ್ಬಿನ ತಾಕೆಲ್ಲ ಹಾಳಾಗಿತ್ತು. ಭಾನುವಾರ ಬಾ, ಇಲ್ಲವಾದರೆ ಗೇಣಿಯ ಮಾತು ಬೇರೆ ಆಡಬೇಕಾಗುತ್ತದೆ ಎಂದು ಹೇಳಿ ಕಳಿಸಿದ್ದರು.

ನಮ್ಮ ಕಡೆಯ ಶಿಕಾರಿಯ ಪಾಲಿನ ಬಗ್ಗೆ ಇಲ್ಲಿ ಹೇಳಬೇಕು. ಕೋವಿಗೆ ಒಂದು ಪಾಲು, ನಾಯಿಗೆ ಒಂದು ಪಾಲು, ಹಳುವಿನ ಪೊದೆಗಳಿಗೆ ನುಗ್ಗಿ ಹಂದಿ ಎಬ್ಬಿಸಿದವರಿಗೆ ಒಂದೊಂದು. ಅದಲ್ಲದೆ ಪಾಲು ಹಾಕುವ ಹೊತ್ತಿಗೆ ಆ ಜಾಗದಲ್ಲಿ ಯಾರಿದ್ದಾರೋ ಅವರಿಗೂ ಒಂದು ಗುಡ್ಡೆ ಮಾಂಸ. ಹಾಲು ಕುಡಿಯುವ ಮಗುವಿರಲಿ, ದಾರಿ ತಪ್ಪಿ ಬಂದ ಬಳೆಗಾರನಿರಲಿ, ಇದ್ದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಅದಕ್ಕೇ ನಾವು ಮಕ್ಕಳೆಲ್ಲ ಕೋವಿ ಸದ್ದು ಕೇಳುವ ಮೊದಲೇ ಹಳ್ಳದ ದಂಡೆಗೆ ಹೋಗಿ ಕೂರುತ್ತಿದ್ದೆವು. ಹಿಂದಿನ ವರ್ಷ ಆ ಶಿಕಾರಿಯ ದಿನ ಸಣ್ಣವನನ್ನೂ ನಾನೇ ಸೊಂಟದ ಮೇಲೆ ಹೊತ್ತುಕೊಂಡು ಹೋಗಿದ್ದೆ. ಅವನ ಗುಡ್ಡೆ ಅವನಿಗೆ ಬಂದಿತ್ತು, ತಿನ್ನಲು ಅವನಿಗೆ ಆಗಲಿಲ್ಲ.

ನನ್ನ ತಲೆ ಓಡಿದ್ದು ಹೀಗೆ. ನಾನು ಕೊಡಕೂಡದು ಎಂದರು ಮೇಷ್ಟ್ರು. ಸರಿ, ಕೊಡುವುದಿಲ್ಲ. ಫೋಟೋದ ಹುಡುಗನೇ ತನ್ನ ಪಾಲು ತೆಗೆದುಕೊಂಡರೆ ಯಾರು ಬೇಡ ಎನ್ನುತ್ತಾರೆ? ಅವನನ್ನು ಪಾಲಿನ ಜಾಗಕ್ಕೆ ಕರೆದುಕೊಂಡು ಹೋಗುವುದಷ್ಟೇ ನನ್ನ ಕೆಲಸ. ಇದರಲ್ಲಿ ತಪ್ಪಿದೆ ಎಂದು ನನಗೆ ಆಗ ಒಂದಿಷ್ಟೂ ಅನಿಸಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ. ಕ್ಲಾಸು ಗುಡಿಸುವ ಸರದಿಯನ್ನು ಗೆಳತಿಯಿಂದ ಕೇಳಿ ಪಡೆದೆ. ಎಲ್ಲರೂ ಹೋದ ಮೇಲೆ ಮುರಿದ ಸ್ಲೇಟಿನ ಚೂರಿನಿಂದ ಮೊಳೆ ಮೀಟಿ ತೆಗೆದು, ಫೋಟೋ ಸುತ್ತಿ ಲಂಗದೊಳಗೆ ಸಿಕ್ಕಿಸಿಕೊಂಡು ಮನೆಗೆ ಬಂದೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮತ್ತೆ ಹೊಡೆದುಬಿಡುವುದು ಎಂದು ಲೆಕ್ಕ. ನಾಲ್ಕೂ ಮೊಳೆ ಜೋಪಾನವಾಗಿ ಲಂಗದ ತುದಿಗೆ ಕಟ್ಟಿಟ್ಟಿದ್ದೆ.

ಭಾನುವಾರ ನಾವು ಏಳೆಂಟು ಮಕ್ಕಳು ಹಳ್ಳದ ದಂಡೆಯಲ್ಲಿ ಕೂತಿದ್ದೆವು. ಹುಬ್ಬಿಗೆ ಬಟ್ಟೆ ಕಟ್ಟಿಕೊಂಡ ಕೋವಿ ಮನೆ ಹುಡುಗನೂ ಇದ್ದ, ನನ್ನಿಂದ ಹತ್ತು ಮಾರು ದೂರ. ನಮ್ಮ ಜೊತೆ ಪಾಲಿನಜ್ಜ. ಪಾಲು ಹಾಕುವುದರಲ್ಲಿ ಅವನ ಮಾತಿಗೆ ಕೋವಿ ಮನೆಯವರೂ ಎದುರಾಡುತ್ತಿರಲಿಲ್ಲ. ಮೇಲಿನ ಕಾಡಿನಲ್ಲಿ ಹಳು ನುಗ್ಗುವವರ ಕೂಗು, ಡಬ್ಬಿ ಬಡಿತ, ನಾಯಿಗಳ ಬೊಗಳು. ಒಂದು ಈಡು ಹಾರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸಾಧಾರಣವಾಗಿ ಅಲ್ಲಿಗೆ ಮುಗಿಯುತ್ತಿತ್ತು, ಈ ಸಲ ಮುಗಿಯಲಿಲ್ಲ. ಪೊದೆ ಸೀಳಿಕೊಂಡು ಹಂದಿ ನಮ್ಮ ಕಡೆಗೇ ಇಳಿದು ಬಂತು.

ಹಿಂಗಾಲು ಮುರಿದಿತ್ತು. ಆದರೂ ಅದರ ಓಟ ನಿಂತಿರಲಿಲ್ಲ. ಅಜ್ಜ ಮಕ್ಕಳನ್ನೆಲ್ಲ ಬಂಡೆಯ ಮೇಲೆ ತಳ್ಳಿದ. ಕೋವಿ ಮನೆಯ ಕೆಂದು ನಾಯಿ ಹಂದಿಯ ಕಿವಿಗೆ ಹಾರಿತು. ಹಂದಿ ತಲೆಯನ್ನು ಒಮ್ಮೆ ಕೆಳಗಿನಿಂದ ಮೇಲೆ ಎತ್ತಿತು, ಅಷ್ಟೆ. ನಾಯಿಯ ಹೊಟ್ಟೆ ಉದ್ದಕ್ಕೂ ಬಿಚ್ಚಿಕೊಂಡು ಕರುಳು ನೀರಿಗೆ ಬಿತ್ತು. ನಾಯಿ ಅದನ್ನು ಎಳೆದುಕೊಂಡೇ ನಾಲ್ಕು ಹೆಜ್ಜೆ ನಡೆದು ಬಿದ್ದಿತು. ಅಷ್ಟರಲ್ಲಿ ಅಪ್ಪಯ್ಯ ಎತ್ತರದ ದರೆಯಿಂದ ಕೆಳಗೆ ಜಿಗಿದ. ಈಟಿಯನ್ನು ಹಂದಿಯ ಮುಂಗಾಲ ಹಿಂದೆ ಇಳಿಸಿ ಅದರ ಮೇಲೆ ಮೈಯೆಲ್ಲ ಹೇರಿದ. ಹಂದಿ ಕಿರುಚುತ್ತಾ ಅವನನ್ನು ನೀರಿನಲ್ಲಿ ಹಿಂದಕ್ಕೆ ನೂಕಿತು, ಅವನು ಬಿಡಲಿಲ್ಲ. ಅದು ಸತ್ತ ಮೇಲೂ ಬಿಡಲಿಲ್ಲ. ಈಟಿ ಕಿತ್ತು ಮತ್ತೆ ಚುಚ್ಚಿದ, ಮತ್ತೆ ಕಿತ್ತ, ಮತ್ತೆ ಚುಚ್ಚಿದ. "ಸಾಕೋ ಮಾರಾಯ, ಸತ್ತಿದೆ ಅದು," ಎಂದು ಅಜ್ಜ ಕೂಗುತ್ತಿದ್ದ. ಅಪ್ಪಯ್ಯನ ಮುಖ ನೋಡಿ ನನಗೆ ಹಂದಿಗಿಂತ ಅವನದೇ ಹೆದರಿಕೆಯಾಯಿತು.

ನಾಯಿ ಸತ್ತ ಸಿಟ್ಟಿಗೆ ಕೋವಿ ಮನೆಯವರು ಹತ್ತಿರ ನಿಂತಿದ್ದ ಆಳಿನ ಕೆನ್ನೆಗೆ ಬಾರಿಸಿದರು. ಅವನು ಮಾಡಿದ್ದೇನೂ ಇರಲಿಲ್ಲ. ಆಮೇಲೆ ಎಲ್ಲರೂ ಏನೂ ಆಗದವರಂತೆ ಹುಲ್ಲು ಹಾಕಿ ಹಂದಿ ಸುಟ್ಟು, ಕೊಯ್ದು, ತೇಗದ ಎಲೆಗಳ ಮೇಲೆ ಗುಡ್ಡೆ ಹಾಕತೊಡಗಿದರು. ಅಪ್ಪಯ್ಯ ಹಳ್ಳದ ಮೇಲ್ಗಡೆ ರಕ್ತ ತೊಳೆದುಕೊಳ್ಳಲು ಹೋದ. ಅದೇ ಹೊತ್ತೆಂದು ನಾನು ಫೋಟೋ ತೆಗೆದು ನೆಲದ ಮೇಲೆ ಬಿಡಿಸಿ ನಾಲ್ಕು ಮೂಲೆಗೂ ಕಲ್ಲಿಟ್ಟೆ.

"ಅಜ್ಜ, ಇವನೂ ಬಂದಿದಾನೆ. ಇವನಿಗೂ ಒಂದು ಗುಡ್ಡೆ," ಎಂದೆ.

ಗಂಡಸರೆಲ್ಲ ಹೋ ಎಂದು ನಕ್ಕರು. "ಎಂತದೇ ಇದು, ಕಾಗದಕ್ಕೂ ಪಾಲಾ?" ಎಂದರು ಕೋವಿ ಮನೆಯವರು.

"ಹೋದ ವರ್ಷ ಬಳೆಗಾರನಿಗೆ ಕೊಡ್ಲಿಲ್ವಾ? ಅವನೆಂತ ಹಳು ನುಗ್ಗಿದ್ನಾ? ಇವನು ಸಮುದ್ರದಾಚೆಯಿಂದ ಬಂದಿದಾನೆ. ತಿನ್ನೋಕಿಲ್ದೆ ಸಾಯ್ತಿದಾನೆ. ಇದ್ದವರಿಗೆ ಇಲ್ಲ ಅನ್ಬಾರ್ದು ಅಂತ ನೀವೇ ಹೇಳ್ತೀರಿ," ಎಂದೆ.

ಅಜ್ಜ ಬಗ್ಗಿ ಫೋಟೋ ನೋಡಿದ. ಬಹಳ ಹೊತ್ತು ನೋಡಿದ. ಹಿಂದಿನ ವರ್ಷ ನನ್ನ ಸೊಂಟದ ಮೇಲಿದ್ದವನನ್ನು ಅವನೂ ಕಂಡಿದ್ದ. ನಗುತ್ತಿದ್ದವರಿಗೆ ಸುಮ್ಮನಿರಲು ಕೈ ಮಾಡಿ, ಒಂದೊಂದು ಗುಡ್ಡೆಯಿಂದ ಒಂದೊಂದು ತುಂಡು ತೆಗೆದು ಕೊನೆಯಲ್ಲಿ ಇನ್ನೊಂದು ಗುಡ್ಡೆ ಹಾಕಿದ. ಹಾಗೆ ತೆಗೆಯುವಾಗ ಅವನ ಹೆಬ್ಬೆರಳಿನ ರಕ್ತ ಫೋಟೋದ ಅಂಚಿಗೆ ತಾಗಿತು.

ಪಾಲು ಕರೆಯುವುದಕ್ಕೂ ಒಂದು ಕ್ರಮವಿದೆ. ಒಬ್ಬ ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲಬೇಕು. ಅಜ್ಜ ಒಂದು ಗುಡ್ಡೆ ಮುಟ್ಟಿ "ಇದು ಯಾರಿಗೆ?" ಎನ್ನುತ್ತಾನೆ. ಬೆನ್ನು ಹಾಕಿದವನು ಕಾಣದೆಯೇ ಒಬ್ಬರ ಹೆಸರು ಹೇಳುತ್ತಾನೆ. ದೊಡ್ಡ ತುಂಡು, ಮೂಳೆ ತುಂಡು ಎಂಬ ತಕರಾರಿಗೆ ಆಮೇಲೆ ಜಾಗವಿಲ್ಲ. ಬೆನ್ನು ಹಾಕುವ ಕೆಲಸ ಯಾವಾಗಲೂ ಅಪ್ಪಯ್ಯನದು. ಅವನು ತೊಳೆದುಕೊಂಡು ಬಂದು, ನಮ್ಮ ಕಡೆ ನೋಡದೆ, ಕಾಡಿಗೆ ಮುಖ ಮಾಡಿ ನಿಂತ.

"ಇದು ಯಾರಿಗೆ?"

"ಕೆಳಮನೆಗೆ."

"ಇದು?"

"ನಾಯಿಗೆ." ನಾಯಿ ಸತ್ತರೂ ನಾಯಿಯ ಪಾಲು ತಪ್ಪುವುದಿಲ್ಲ.

ಹೀಗೆ ಎಲ್ಲರದ್ದೂ ಮುಗಿಯಿತು, ಮಕ್ಕಳದ್ದೂ ಆಯಿತು, ನನ್ನದೂ ಆಯಿತು. ಅಪ್ಪಯ್ಯ ತಿರುಗಲು ಹೊರಟ. ಅಜ್ಜ, "ನಿಲ್ಲೋ, ತಿರುಗ್ಬೇಡ. ಒಂದು ಗುಡ್ಡೆ ಉಳಿದಿದೆ. ಒಬ್ಬ ಹುಡುಗ ಬಂದಿದಾನೆ," ಎಂದ. "ಇದು ಯಾರಿಗೆ?"

ಅಪ್ಪಯ್ಯ ಬೇರೆಯವರ ಪಾಲು ಕರೆದ ದನಿಯಲ್ಲೇ ಹೇಳಿದ.

"ನಮ್ಮ ಸಣ್ಣವನಿಗೆ."

ತಾನು ಏನು ಹೇಳಿದೆ ಎಂದು ಅವನ ಕಿವಿಗೆ ಬಿದ್ದದ್ದು ನಮಗೆ ಬಿದ್ದ ಮೇಲೆಯೇ ಇರಬೇಕು. ಗಕ್ಕನೆ ತಿರುಗಿದ. ಕೊನೆಯ ಗುಡ್ಡೆ ನೋಡಿದ, ಅದರ ಮುಂದಿದ್ದ ಫೋಟೋ ನೋಡಿದ, ಪಕ್ಕದಲ್ಲಿ ನಿಂತ ನನ್ನನ್ನು ನೋಡಿದ.

ಅಂದಿನ ಹೊಡೆತವನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಮೊದಲ ಏಟಿಗೆ ಕಲ್ಲಿನ ಮೇಲೆ ಬಿದ್ದೆ. ಜುಟ್ಟು ಹಿಡಿದು ಎತ್ತಿ ಮತ್ತೆ ಹೊಡೆದ. ಹಂದಿ ಕಟ್ಟಿ ನೀರಿನಿಂದ ಎಳೆದ ಬಳ್ಳಿ ಕೈಗೆ ಸಿಕ್ಕಿತು, ಅದರಲ್ಲೂ ಹೊಡೆದ. "ಯಾರು ಹೇಳಿದ್ರು ನಿಂಗೆ ತರೋಕೆ? ಯಾರು ಹೇಳಿದ್ರು?" ಎನ್ನುತ್ತಿದ್ದ. ಬಾಯಲ್ಲಿ ರಕ್ತದ ರುಚಿ ಬಂತು, ಒಂದು ಹಲ್ಲು ಅಲ್ಲಾಡಿತು. ಮೂವರು ಗಂಡಸರು ಹಿಡಿದುಕೊಂಡರೂ ಅವರನ್ನೂ ಎಳೆದಾಡಿದ. ಕೊನೆಗೆ ಅಜ್ಜ ನಡುವೆ ಬಂದು ನಿಂತು, "ನನಗೆ ಹೊಡಿ, ಗುಡ್ಡೆ ಹಾಕಿದ್ದು ನಾನು," ಎಂದ. ಅಪ್ಪಯ್ಯ ಬಳ್ಳಿ ಬಿಸಾಡಿ, ಈಟಿಯನ್ನೂ ತನ್ನ ಪಾಲನ್ನೂ ಅಲ್ಲೇ ಬಿಟ್ಟು ಕಾಡಿನೊಳಗೆ ನಡೆದುಬಿಟ್ಟ.

ಅಜ್ಜ ಆ ಗುಡ್ಡೆಯನ್ನು ಎಲೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟ. "ಒಂದ್ಸಲ ಕರೆದ ಪಾಲು ಹಿಂದಕ್ಕೆ ಹೋಗಲ್ಲ ಮಗಾ. ಎಂತ ಮಾಡ್ತೀಯೋ ಮಾಡು," ಎಂದ.

ಘಾಟಿ ರಸ್ತೆ ಕೆಲಸದವರ ಬಿಡಾರ ಅಲ್ಲಿಂದ ಒಂದು ಮೈಲಿ. ಮುಖ ತೊಳೆದುಕೊಂಡು ನಡೆದೆ. ಅಡುಗೆಯವನು ನನ್ನ ಊದಿದ ತುಟಿ ನೋಡಿದ, ಮಾಂಸ ನೋಡಿದ, ಏನೂ ಕೇಳದೆ ಕಾಸು ಕೊಟ್ಟ. ಅಷ್ಟು ಕಾಸನ್ನು ನಾನು ಒಟ್ಟಿಗೆ ಹಿಡಿದದ್ದು ಅದೇ ಮೊದಲು. ಮೊಳೆ ಕಟ್ಟಿದ್ದ ಲಂಗದ ತುದಿಗೆ ಅದನ್ನೂ ಕಟ್ಟಿದೆ.

ಸೋಮವಾರ ಮೊದಲು ಹೋಗಬೇಕೆಂದವಳು ಮೈ ಕೈ ಹಿಡಿದುಕೊಂಡು ಏಳಲಾಗದೆ ತಡವಾಗಿ ಹೋದೆ. ಅಪ್ಪಯ್ಯ ಇನ್ನೂ ಮನೆಗೆ ಬಂದಿರಲಿಲ್ಲ. ಶಾಲೆಯ ಜಗಲಿಗೆ ಬರುವಷ್ಟರಲ್ಲಿ ಬರಲಿನ ಸದ್ದು ಕೇಳಿತು. ಬರಿ ಗೋಡೆ ಕಂಡ ಮೇಷ್ಟ್ರು ಇಡೀ ಕ್ಲಾಸನ್ನು ಸಾಲಾಗಿ ನಿಲ್ಲಿಸಿ, ಕದ್ದವರು ಯಾರೆಂದು 'ಕೇಳುತ್ತಿದ್ದರು'. ಸೀಗೆಕಾಯಿ ಆರಿಸುತ್ತೇನೆಂದಿದ್ದವಳು ಮುಂದೆ ನಿಂತಿದ್ದಳು. ಮುಳ್ಳು ಗೀರಿದ ಅವಳ ಅಂಗೈ ಮೇಲೆ ಬರಲು ಬಿದ್ದದ್ದು ನೋಡಿ ನಾನು ಒಳಗೆ ನುಗ್ಗಿದೆ.

"ನಾನು ತಗೊಂಡಿದ್ದು! ಅವಳನ್ನ ಬಿಡಿ!"

ಲಂಗದಿಂದ ಫೋಟೋ ತೆಗೆದು ಮೇಜಿನ ಮೇಲೆ ಬಿಸಾಡಿದೆ. ಅದರ ಅಂಚಿನ ರಕ್ತದ ಗುರುತು ನೋಡಿ ಮೇಷ್ಟ್ರಿಗೆ ಮೈಮೇಲೆ ಬಂದಂತಾಯಿತು. ಎರಡೂ ಕೈಗೆ ಬಿತ್ತು, ಕಾಲಿಗೆ ಬಿತ್ತು, ನಿನ್ನೆಯ ಬಳ್ಳಿಯ ಬಾಸುಂಡೆಯ ಮೇಲೆಯೇ ಬೆನ್ನಿಗೆ ಬಿತ್ತು. ಒಂದು ಏಟಿಗೆ ಬರಲು ಮುರಿಯಿತು. ಮುರಿದ ತುಂಡಿನಲ್ಲೇ ಇನ್ನೆರಡು ಹೊಡೆದರು. ನಾನು ಅಳದೆ ಲಂಗದ ಗಂಟು ಬಿಚ್ಚಿ, ಮೊಳೆಗಳನ್ನೂ ಕಾಸನ್ನೂ ಒಟ್ಟಿಗೆ ಮೇಜಿನ ಮೇಲೆ ಸುರಿದೆ.

"ಇದು ನಂದಲ್ಲ. ಅವನ್ದೇ. ಅವನ ಪಾಲು," ಎಂದೆ.

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಆಗ ಎದ್ದು ನಿಂತವನು ಕೋವಿ ಮನೆ ಹುಡುಗ. ಹುಬ್ಬಿನ ಬಟ್ಟೆ ಬಿಚ್ಚಿತ್ತು, ಗಾಯ ಕಪ್ಪಗಾಗಿತ್ತು. ಅವನು ನನ್ನ ಕಡೆ ನೋಡಲಿಲ್ಲ.

"ಮೇಷ್ಟ್ರೆ, ನಿನ್ನೆ ಹಂದಿ ಪಾಲಲ್ಲಿ ಆ ಫೋಟೋದವನಿಗೂ ಒಂದು ಗುಡ್ಡೆ ಹಾಕಿದ್ರು. ಅದನ್ನ ಮಾರಿದ ಕಾಸು ಅದು. ಇವಳ ತಮ್ಮನೂ ಹಾಗೇ ಇದ್ದ. ಹೊಟ್ಟೆ ಹಾಗೇ ಇತ್ತು. ಹೋದ ವರ್ಷ ಸತ್ತೋದ. ನಾನು ನಕ್ಕಿದ್ದು ನಂದೇ ತಪ್ಪು," ಎಂದವನು ಗೊಳೋ ಎಂದು ಅತ್ತುಬಿಟ್ಟ.

ಮೇಷ್ಟ್ರು ಮುರಿದ ಬರಲನ್ನು ಕೆಳಗೆ ಹಾಕಿದರು. ನನ್ನ ಊದಿದ ತುಟಿಯನ್ನೂ ತೋಳಿನ ಬಾಸುಂಡೆಗಳನ್ನೂ ಆಗಲೇ ಕಂಡವರಂತೆ ನೋಡಿದರು. ಶಾಲೆಯಲ್ಲಿ ಯಾವತ್ತೂ ಪೇಟೆಯವರ ಹಾಗೆ ಮಾತಾಡುತ್ತಿದ್ದವರ ಬಾಯಿಂದ ತಮ್ಮ ಮನೆಯ ಮಾತು ಬಂತು. "ಎಂತಕ್ಕೆ ಮೊದಲೇ ಹೇಳಿದ್ದಿಲ್ಲೆ ಕೂಸೆ?"

ನಾನು ಉತ್ತರ ಕೊಡುವ ಮೊದಲೇ ಬಾಗಿಲು ಕತ್ತಲಾಯಿತು. ಅಪ್ಪಯ್ಯ ನಿಂತಿದ್ದ, ಹುಡುಗ ಹೇಳಿದ್ದೆಲ್ಲ ಜಗಲಿಯಲ್ಲೇ ಅವನ ಕಿವಿಗೆ ಬಿದ್ದಿರಬೇಕು. ಕಣ್ಣು ಕೆಂಪಾಗಿತ್ತು, ಬಟ್ಟೆಯ ಮೇಲೆ ನಿನ್ನೆಯ ರಕ್ತ ಹಾಗೇ ಒಣಗಿತ್ತು, ಸೊಂಟದಲ್ಲಿ ಕತ್ತಿ. ಮಕ್ಕಳು ಗೋಡೆಗೆ ಒತ್ತಿಕೊಂಡರು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ನಾನೂ ಅಂದುಕೊಂಡೆ, ಇವತ್ತು ಇಲ್ಲಿ ಹೆಣ ಬೀಳುತ್ತದೆ ಎಂದು. ಅಪ್ಪಯ್ಯ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಮೇಜಿನ ಹತ್ತಿರ ಹೋಗಿ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಇವನು ಇದಾನಾ ಮೇಷ್ಟ್ರೆ?" ಎಂದ.

"ಅಂದ್ರೆ?"

"ಬದುಕಿದಾನಾ ಅಂತ."

"ಗೊತ್ತಿಲ್ಲ. ಫೋಟೋ ತೆಗೆದಾಗ ಇದ್ದ."

"ಇವನಿಗೆ ಈ ಕಾಸು ಯಾವಾಗ ಕಳಿಸ್ತೀರಿ?"

"ಎಲ್ಲಾ ಮಕ್ಕಳದ್ದೂ ಸೇರ್ಲಿ ಅಂತ ಇದ್ದೆ. ತಿಂಗಳ ಕೊನೆಗೆ ಸಾಗರಕ್ಕೆ ಹೋಗ್ತೀನಿ."

"ಬೇಡಿ ಮೇಷ್ಟ್ರೆ." ಅಪ್ಪಯ್ಯನ ದನಿ ಒಡೆಯಿತು. ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಇವತ್ತೇ ಹೋಗಿ. ಒಂದು ದಿನವೂ ತಡ ಮಾಡ್ಬೇಡಿ. ನಾನು ಒಂದು ದಿನ ತಡ ಮಾಡಿದ್ದೆ."

ಮೇಷ್ಟ್ರು ಹಾಲಿನ ಪುಡಿಯ ಡಬ್ಬಿ ಎತ್ತಿ ತಾವೇ ನನ್ನ ಮುಂದೆ ಹಿಡಿದರು. ಊದಿದ ಬೆರಳುಗಳಿಂದ ಒಂದೊಂದೇ ನಾಣ್ಯ ಎತ್ತಿ ಸೀಳಿನಲ್ಲಿ ಹಾಕಿದೆ. ಹಂದಿಯ ಕಾಸು ಎಂದು ಅವರು ಮುಖ ತಿರುಗಿಸಲಿಲ್ಲ. ಶಾಲೆಗೆ ರಜೆ ಕೊಟ್ಟು, ಊಟವನ್ನೂ ಮಾಡದೆ, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆಗೆ ಬಂದರು. ನಾವೆಲ್ಲ ಹಿಂದೆ ಹೋದೆವು.

ಮಧ್ಯಾಹ್ನದ ಬಸ್ಸು ಘಾಟಿ ಕಡೆಯಿಂದ ಬರುವುದು ಕಾಣಿಸಿತು. ಸಣ್ಣವನನ್ನು ಹೊಸನಗರದವರೆಗೆ ಕರೆದುಕೊಂಡು ಹೋದ ಬಸ್ಸೂ ಅದೇ. ಕೈ ತೋರಿಸಿದರೆ ಸಾಕಿತ್ತು, ನಿಲ್ಲುತ್ತಿತ್ತು. ಅಪ್ಪಯ್ಯ ಹೋಗಿ ರಸ್ತೆಯ ನಟ್ಟನಡುವೆ ನಿಂತಿದ್ದ.